ದೇಶಾಂತರ ದುಶ್ಚಾಲನ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಪರದೇಶದವರು ಕಾರು ಓಡಿಸುವಾಗಿನ ಕೆಟ್ಟ ಚಾಳಿಗಳು. ಪ್ರಯೋಜನ: ಏನೂ ಇಲ್ಲ. ಸಂಬಂಧ: ಆಯಾ ಊರಲ್ಲಿ ಕಾರಿಟ್ಟುಕೊಂಡಿರುವ ನಮ್ಮ ನೆಂಟರು. ಅಧಿಕಾರಿ: ಕಾರು ಓಡಿಸಲು ಬಾರದ ಪ್ರಸ್ತುತ ಗ್ರಂಥಕರ್ತ.

ಓಡಿಸಲು ಬಾರದವನಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂದು ಪೂರ್ವಪಕ್ಷಿಗಳು ಕೇಳುತ್ತಾರೆ. ಪೂರ್ವಾಚಾರ್ಯರಿಂದಲೇ ಬಂತು. 1903ರಲ್ಲಿ ನ್ಯೂಯಾರ್ಕ್ ನಗರಕ್ಕೆ ಸಂಚಾರ ನಿಯಮಾವಳಿ ಬರೆದುಕೊಟ್ಟ, ರಸ್ತೆ ಸುರಕ್ಷತೆಯ ಪಿತಾಮಹನೆನಿಸಿಕೊಂಡ ವಿಲಿಯಂ ಫೆಲ್ಪ್ಸ್ ಈನೊ ಸಾಯುವ ತನಕ ಕಾರು ಓಡಿಸುವುದನ್ನು ಕಲಿಯಲೇ ಇಲ್ಲ. ಸ್ಟೀರಿಂಗ್ ಹಿಡಿದವನಿಗೆ ರಸ್ತೆಯೊಂದೇ ಕಾಣುತ್ತದೆ. ಪಕ್ಕದಲ್ಲಿ ಕೂತವನಿಗೆ ಯಮಲೋಕದವರೆಗೂ ಕಾಣುತ್ತದೆ.

ಇನ್ನು ಲಕ್ಷಣ. ನಿಯಮ ಮುರಿಯುವುದೇ ದುಶ್ಚಾಲನೆ ಎಂದರೆ ಸಾಲದೇ? ಸಾಲದು. ಜರ್ಮನಿಯ ಆಟೋಬಾನ್ ನೋಡಿ. ಎಷ್ಟೋ ಕಡೆ ವೇಗಮಿತಿಯೇ ಇಲ್ಲ, ಗಂಟೆಗೆ 130 ಕಿ.ಮೀ. ಎಂಬುದು ಬರಿಯ ಸಲಹೆ. ಸ್ಪೀಡೋಮೀಟರ್ ತೋರಿಸುವ ಅಂಕಿಯ ಅರ್ಧದಷ್ಟು ಮೀಟರ್ ಅಂತರವನ್ನು ಮುಂದಿನ ಕಾರಿಗೆ ಬಿಡಬೇಕು, ಅಂದರೆ 130ಕ್ಕೆ 65 ಮೀಟರ್ ಎಂದು ಅಲ್ಲಿ ಎಲ್ಲರಿಗೂ ಬಾಯಿಪಾಠ. ಎಡ ಲೇನಿನಲ್ಲಿ ಹಿಂದಿನಿಂದ ಬಂದ ಕಪ್ಪು ಕಾರಿನವನು ಮಾತ್ರ, ಅವನು ಬೆಳಿಗ್ಗೆ ಗಡ್ಡ ಬೋಳಿಸುವಾಗ ಗದ್ದದ ಕೆಳಗೆ ಎಲ್ಲಿ ಬಿಟ್ಟಿದ್ದಾನೆಂದು ನಮ್ಮ ಕನ್ನಡಿಯಲ್ಲಿ ಕಾಣುವಷ್ಟು ಹತ್ತಿರವಿದ್ದ. ಇಷ್ಟು ನಿಯಮಭಂಗ, ಒಪ್ಪಿದೆವು. ಆದರೆ ನಮ್ಮ ಜೀವ ಬಾಯಿಗೆ ಬಂದದ್ದು ಅವನು ಅದಕ್ಕೂ ಮೊದಲು ದೂರದಿಂದಲೇ ಹೆಡ್‌ಲೈಟು ಮಿಣುಕಿಸಿದಾಗ. ಊರಾಚೆ ಹಿಂದಿಕ್ಕುವ ಮುನ್ನ ಹಾಗೆ ಬೆಳಕು ತೋರಲು ಅಲ್ಲಿನ ಕಾನೂನೇ ಒಪ್ಪಿದೆ! ಹೀಗಾಗಿ ನಿಯಮಭಂಗವೆಂಬ ಲಕ್ಷಣಕ್ಕೆ ಅವ್ಯಾಪ್ತಿ ದೋಷ. ಅತಿವ್ಯಾಪ್ತಿ ಬೇಕಾದವರು ಹನೋಯಿ ಪ್ರಕರಣದವರೆಗೆ ಕಾಯಬೇಕು.

ಆದ್ದರಿಂದ ನಿಷ್ಕೃಷ್ಟ ಲಕ್ಷಣ ಹೀಗೆ: ಯಾವ ಚಾಲನೆಯಿಂದ ಪಕ್ಕದ ಸೀಟಿನವನ ಬಲಗಾಲು ಇಲ್ಲದ ಬ್ರೇಕನ್ನು ತಾನಾಗಿ ಒತ್ತುತ್ತದೋ ಅದು ದುಶ್ಚಾಲನೆ. ಬಲಕ್ಕೆ ಓಡುವ ದೇಶಗಳಲ್ಲಿ ನಮ್ಮನ್ನು ಕೂರಿಸುವುದು ನಮ್ಮೂರ ಡ್ರೈವರು ಕೂರುವ ಜಾಗದಲ್ಲೇ. ಮುಂದೆ ಸ್ಟೀರಿಂಗ್ ಇರುವುದಿಲ್ಲ, ಕಾರು ಓಡುತ್ತಿರುತ್ತದೆ. “ಮಾವಾ, ಕಾಲು ತೆಗೀರಿ, ಮ್ಯಾಟ್ ಹರಿದುಹೋಗುತ್ತೆ” ಎಂದು ಸೋದರಳಿಯ ಗದರಿದ್ದು ನಮ್ಮ ಲಕ್ಷಣಕ್ಕೆ ಸಿಕ್ಕ ಪ್ರತ್ಯಕ್ಷ ಪ್ರಮಾಣ.

ಅನುಮಾನ ಪ್ರಮಾಣಕ್ಕೆ ಬಂದರೆ ಇಂಡಿಕೇಟರ್. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವ ತಾರ್ಕಿಕ, ಇಂಡಿಕೇಟರ್ ಕಂಡಲ್ಲಿ ತಿರುವನ್ನು ಊಹಿಸುತ್ತಾನೆ. ರಸ್ತೆಗಿಳಿದರೆ ಹೇತ್ವಾಭಾಸಗಳೇ ಎದುರಾಗುತ್ತವೆ. ಇಂಡಿಕೇಟರ್ ಹಾಕದೆಯೇ ನುಗ್ಗುವವನದು ಅಸಿದ್ಧ. ಎಡಕ್ಕೆ ಹಾಕಿ ಬಲಕ್ಕೆ ಹೋಗುವವನದು ವಿರುದ್ಧ. ಯಾವಾಗಲೋ ಹಾಕಿದ್ದನ್ನು ಮರೆತು ಟಿಕ್ ಟಿಕ್ ಎನಿಸುತ್ತ ಜಿಲ್ಲೆ ದಾಟುವವನದು ಸವ್ಯಭಿಚಾರ. ಇವು ಸರ್ವದೇಶೀಯ, ಬಿಡಿ. ಇಟಲಿಯವರ ವಿಶೇಷ ಕೊಡುಗೆ ಸತ್ಪ್ರತಿಪಕ್ಷ: ಎಡಕ್ಕೆ ತಿರುಗುತ್ತಾನೆ ಎನ್ನಲು ಎಡದ ದೀಪ, ಬಲಕ್ಕೆ ಎನ್ನಲು ಅಷ್ಟೇ ಬಲವಾದ ಬಲದ ದೀಪ, ಎರಡೂ ಕೂಡಿ ಮಿನುಗುತ್ತವೆ. ನಾಲ್ಕು ಬಾಣ ಎಂದು ಅದಕ್ಕೆ ಅಲ್ಲಿನ ಹೆಸರು. ನೇಪಲ್ಸಿನ ಇಕ್ಕಟ್ಟಾದ ಬೀದಿಯಲ್ಲಿ, ಮೊದಲೇ ಪಾರ್ಕಾದ ಸಾಲಿನ ಪಕ್ಕ ಎರಡನೇ ಸಾಲಾಗಿ ನಿಂತ ಕಾರಿನ ಮೇಲೆ ಅವು ಮಿನುಗುತ್ತಿದ್ದವು. ನಾವು ಪೇಚಿಗೆ ಸಿಕ್ಕೆವು. ಚಾಲಕ ಎಡಕ್ಕೂ ಹೋಗಿರಲಿಲ್ಲ, ಬಲಕ್ಕೂ ಹೋಗಿರಲಿಲ್ಲ. ಎದುರಿನ ಕಾಫಿ ಅಂಗಡಿಯ ಕಟ್ಟೆಗೆ ಮೊಣಕೈ ಊರಿ ನಿಂತು ಗುಟುಕು ಕಾಫಿ ಕುಡಿಯುತ್ತಿದ್ದ. ಅವನ ಹಿಂದೆ ಸಿಕ್ಕಿಕೊಂಡವರು ಹಾರ್ನ್ ಒತ್ತಿದರು. ಅವನು ಲೋಟವನ್ನೆತ್ತಿ ತೋರಿಸಿದ. ಎಲ್ಲರಿಗೂ ಸಮಾಧಾನವಾಯಿತು. ಕಾಫಿ ಮುಗಿಯುವ ಹೊತ್ತು ಎಷ್ಟೆಂದು ಇಟಲಿಯಲ್ಲಿ ಯಾರಿಗೆ ಗೊತ್ತಿಲ್ಲ?

ಶಬ್ದಪ್ರಮಾಣದ ಸ್ಥಾನದಲ್ಲಿ ಹೆಡ್‌ಲೈಟು ನಿಲ್ಲುತ್ತದೆ. ಬ್ರಿಟನ್ನಿನ ಹೈವೇ ಕೋಡ್ ಎಂಬ ಸೂತ್ರಗ್ರಂಥದ ಪ್ರಕಾರ ದೀಪ ಮಿಣುಕಿಸುವುದರ ಅರ್ಥ ‘ನಾನಿಲ್ಲಿದ್ದೇನೆ’ ಎಂಬುದಷ್ಟೇ. ಅಲ್ಲಿನ ಜನ ಅದಕ್ಕೆ ಭಾಷ್ಯ ಬರೆದುಕೊಂಡು ‘ಮೊದಲು ತಾವು ದಯಮಾಡಿಸಿ’ ಎಂದು ಓದುತ್ತಾರೆ. ಇಟಲಿಯ ಭಾಷ್ಯಕಾರರ ಅರ್ಥ ‘ನಾನು ಬಂದೆ, ನೀನು ಸರಿ’. ಈ ವಿಷಯದಲ್ಲಿ ತುಮಕೂರು ರಸ್ತೆಯ ಲಾರಿ ಚಾಲಕರು ಇಟಲಿಯ ಸಂಪ್ರದಾಯಕ್ಕೆ ಸೇರಿದವರು. ಇಂಗ್ಲಿಷಿನವನು ರೋಮಿಗೆ ಹೋದರೆ ‘ಎಷ್ಟು ಸಜ್ಜನ’ ಎಂದು ಕೈಯೆತ್ತಿ ವಂದಿಸುತ್ತ ಮುಂದೆ ನುಗ್ಗುತ್ತಾನೆ. ರೋಮಿನವನು ಲಂಡನ್ನಿಗೆ ಬಂದರೆ ಬೆದರಿ ನಿಂತುಬಿಡುತ್ತಾನೆ, ಅವನಿಗಾಗಿ ಎದುರಿನವನೂ ನಿಲ್ಲುತ್ತಾನೆ. ಶಾಂತಿಕಾಲದಲ್ಲಿ ಎರಡು ದೇಶಗಳ ನಡುವೆ ಇಷ್ಟು ತಪ್ಪು ತಿಳಿವಳಿಕೆ ಬೇರೆಲ್ಲೂ ಕಂಡಿಲ್ಲ.

ಪ್ಯಾರಿಸ್ಸಿನ ವಿಜಯ ಕಮಾನಿನ ಸುತ್ತ 12 ಬೀದಿ ಕೂಡುತ್ತವೆ, ನೆಲದ ಮೇಲೆ ಲೇನಿನ ಗೆರೆಗಳಿಲ್ಲ. ಒಳಗೆ ಸುತ್ತುತ್ತಿರುವವನು ನಿಂತು, ಬಲದಿಂದ ಹೊಸದಾಗಿ ನುಗ್ಗುವವನಿಗೆ ದಾರಿ ಬಿಡಬೇಕು. ಜನರಲ್ ಬೋಗಿಯಲ್ಲಿ ಕೂತವರು ಎದ್ದು ಪ್ಲಾಟ್‌ಫಾರಂನವರಿಗೆ ಸೀಟು ಕೊಟ್ಟಂತೆ. ಇಂಥದ್ದನ್ನು ನಾವು ನಂಬುವುದಿಲ್ಲ, ನೋಡಿದ ಮೇಲೂ.

ಈಗ ಹನೋಯಿ. ಹೊಆನ್ ಕಿಯೆಮ್ ಕೆರೆಯ ಮೂಲೆಯಲ್ಲಿ ಜೀಬ್ರಾ ಪಟ್ಟಿ ಇದೆ, ಸ್ಕೂಟರುಗಳ ಕೆಳಗೆ. ಅವು ನಿಲ್ಲುವುದಿಲ್ಲ, ತೆರಪು ಕೊಡುವುದಿಲ್ಲ, ಬೇಸರ ಬಂದಾಗ ಫುಟ್‌ಪಾತಿನ ಮೇಲೂ ಬರುತ್ತವೆ. ಟೆಟ್ ಹಬ್ಬ ಹತ್ತಿರವಿದ್ದುದರಿಂದ ಪುಟ್ಟ ಕಿತ್ತಳೆಯಂಥ ಹಣ್ಣು ಜಗ್ಗುವ ಗಿಡವೊಂದು ಕುಂಡದ ಸಮೇತ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿತ್ತು. ಸವಾರ ಅದರ ಎಲೆಗಳೊಳಗೆಲ್ಲೋ ಇದ್ದ. ದಾಟುವ ವಿಧಿ ಇಷ್ಟು: ನಿಧಾನವಾಗಿ ಒಂದೇ ಸಮ ನಡೆಯಬೇಕು. ಓಡಬಾರದು, ನಿಲ್ಲಬಾರದು, ಹಿಂದೆ ಹೆಜ್ಜೆ ಇಡಲೇಬಾರದು. ನಾವು ಶಾಸ್ತ್ರ ಯೋಚಿಸುತ್ತ ನಿಂತಾಗ ಅಡ್ಡೆ ಹೊತ್ತ ಮುದುಕಿಯೊಬ್ಬಳು ರಸ್ತೆಗಿಳಿದಳು. ಎರಡೂ ಕಡೆಯ ಬುಟ್ಟಿಗಳು ತೂಗುತ್ತಿದ್ದವು. ಸ್ಕೂಟರುಗಳು ಬುಟ್ಟಿಗೂ ತಾಗದಂತೆ ಅವಳ ಹಿಂದೆ ಮುಂದೆ ಹರಿದು ಹೋದವು, ಒಬ್ಬನೂ ಬೈಯಲಿಲ್ಲ. ಅಷ್ಟೂ ನಿಯಮ ಮುರಿದಿತ್ತು, ದುಶ್ಚಾಲನೆ ಎಲ್ಲಿಯೂ ಇರಲಿಲ್ಲ. ಕೆಟ್ಟದಾಗಿ ನಡೆದುಕೊಂಡದ್ದು ನಡುರಸ್ತೆಯಲ್ಲಿ ಇಲ್ಲದ ಬ್ರೇಕು ಒತ್ತಿದ ಗ್ರಂಥಕರ್ತ ಮಾತ್ರ. ಆಗ ಬೈದರು, ಭಾಷೆ ಬಾರದಿದ್ದರೂ ತಿಳಿಯಿತು.

ಉಳಿದದ್ದು ಅಮೆರಿಕ. ಎಂಟು ಮೂಲೆಯ ಕೆಂಪು ಫಲಕ ಕಂಡಲ್ಲಿ ಚಕ್ರ ಪೂರ್ತಿ ನಿಲ್ಲಬೇಕು. ನಿಂತ ಹಾಗೆ ಮಾಡಿ ಉರುಳಿಸಿಕೊಂಡು ಹೋಗುವುದಕ್ಕೆ ಕ್ಯಾಲಿಫೋರ್ನಿಯಾದ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಆಸಕ್ತಿ ಇರುವುದು ನಾಲ್ಕೂ ದಿಕ್ಕಿಗೆ ಫಲಕವಿರುವ ಕೂಡುರಸ್ತೆಯಲ್ಲಿ. ಮೊದಲು ಬಂದವನು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವನಿಗೆ ಬಿಡಬೇಕು. ನಾಲ್ವರೂ ಒಂದೇ ಕ್ಷಣಕ್ಕೆ ಬಂದರೆ? ಪ್ರತಿಯೊಬ್ಬನಿಗೂ ಬಲಗಡೆ ಒಬ್ಬನಿದ್ದಾನೆ. ಶುದ್ಧ ಚಕ್ರಕ ದೋಷ. ಪೆಟ್ರೋಲ್ ಮುಗಿಯುವ ತನಕ ನಾಲ್ವರೂ ಕೈಬೀಸಿಕೊಂಡು ಕೂತಿರಬೇಕು.

ಸನ್ನಿವೇಲ್‌ನಲ್ಲಿ ಇದೇ ಸಂದರ್ಭ ಒದಗಿಬಂತು. ನಾಲ್ಕು ಕಾರು, ಒಂದೇ ಕ್ಷಣ. ಎದುರಿನ ಕಾರಿನಲ್ಲಿ ಹಳದಿ ಕೆಂಪು ಬಾವುಟ, ಎಡಗಡೆಯದರಲ್ಲಿ ರಾಯರ ಪಟ, ಬಲಗಡೆಯವನು ಕಿಟಕಿ ಇಳಿಸಿ ಫೋನಿನಲ್ಲಿ “ಗುರೂ, ಹೇಳ್ದೆ ತಾನೇ” ಎನ್ನುತ್ತಿದ್ದ. ನಾವು ಚಕ್ರಕ ದೋಷದ ಪರಿಹಾರವನ್ನು ವಿವರಿಸಲು ಬಾಯಿ ತೆರೆದೆವು. “ಇರಿ ಮಾವ” ಎಂದು ಸೋದರಳಿಯ ಗಾಡಿ ಎತ್ತಿದ. ಉಳಿದ ಮೂವರೂ ಅದೇ ಗಳಿಗೆಗೆ ಎತ್ತಿದರು. ಒಬ್ಬರ ಮೂತಿ ಇನ್ನೊಬ್ಬರ ಬಾಲ ಸವರಿಕೊಂಡು ನಾಲ್ವರೂ ನಾಲ್ಕು ದಿಕ್ಕಿಗೆ ಹೊರಟೇಹೋದರು. ಐದನೆಯವರಾಗಿ ಬಂದ ಅಮೆರಿಕನ್ ಹೆಂಗಸು ಮಾತ್ರ, ನಾವು ಮುಂದಿನ ತಿರುವು ಮುಟ್ಟಿದ ಮೇಲೂ, ಖಾಲಿ ಕೂಡುರಸ್ತೆಯಲ್ಲಿ ತನ್ನ ಸರದಿ ಬಂತೋ ಇಲ್ಲವೋ ಎಂದು ನಿಂತೇ ಇದ್ದರು.