ಐದನೇ ದರ್ಜೆಯ ಹಿಂಬಾಗಿಲು

ನಿಯಮ ಮುರಿಯುವುದು ದಡ್ಡರ ಕೆಲಸ. ಜಾಣರು ನಿಯಮವನ್ನು ಅಕ್ಷರ ಬಿಡದೆ ಪಾಲಿಸುತ್ತಾರೆ, ನಾಚಿಕೆಯಿಂದ ತಲೆ ತಗ್ಗಿಸುವ ಕೆಲಸವನ್ನು ನಿಯಮಕ್ಕೇ ಬಿಡುತ್ತಾರೆ. ಈ ವಿದ್ಯೆ ಕಲಿಯಬೇಕೆನ್ನುವವರು ಜರ್ಮನಿಯ ಸ್ಯಾಕ್ಸನಿ ರಾಜ್ಯದ ಮಾರ್ಕ್ರಾನ್‌ಷ್ಟೆಟ್ ಎಂಬ ಊರಿನ ಕಥೆ ಓದಬೇಕು. ಲೈಪ್‌ಜಿಗ್ ನಗರಕ್ಕೆ ಅಂಟಿಕೊಂಡಂತಿರುವ, ಸುಮಾರು 15 ಸಾವಿರ ಜನರ ಊರು ಅದು. ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಹೆಸರು ಎಸ್‌ಎಸ್‌ವಿ ಮಾರ್ಕ್ರಾನ್‌ಷ್ಟೆಟ್. 2009ರಲ್ಲಿ ಅದು ಐದನೇ ದರ್ಜೆಯ ಲೀಗಿನಲ್ಲಿ ತನ್ನ ಪಾಡಿಗೆ ತಾನು ಆಡಿಕೊಂಡಿತ್ತು.

ಕಥೆಗೆ ಮೊದಲು ಕಾನೂನು. ಜರ್ಮನಿಯಲ್ಲಿ ಫುಟ್‌ಬಾಲ್ ಕ್ಲಬ್ ಎಂದರೆ ಸದಸ್ಯರ ಸಂಘ. ಕ್ಲಬ್ಬುಗಳು ಕಂಪನಿಯ ರೂಪ ತಾಳಬಹುದೆಂದು 1998ರಲ್ಲಿ ಒಪ್ಪಿಕೊಂಡಾಗಲೇ ‘50+1’ ಎಂಬ ನಿಯಮವೂ ಬಂತು. ಹಣವಂತ ಎಷ್ಟು ಬೇಕಾದರೂ ಸುರಿಯಲಿ, ಬಹುಮತದ ವೋಟು ಮಾತ್ರ ಸದಸ್ಯರ ಕೈಯಲ್ಲೇ ಇರಬೇಕು. ಒಳ್ಳೆಯ ನಿಯಮ. ಒಂದೇ ಒಂದು ಸಣ್ಣ ಕೊರತೆ: ಸದಸ್ಯರು ಎಷ್ಟು ಜನ ಇರಬೇಕು ಎಂದು ಬರೆದಿರಲಿಲ್ಲ.

ಇದನ್ನು ಓದಿ ಮುಗುಳ್ನಕ್ಕ ಕಂಪನಿ ಆಸ್ಟ್ರಿಯಾದ ರೆಡ್ ಬುಲ್. ಡಬ್ಬಿಯಲ್ಲಿ ಚೈತನ್ಯ ತುಂಬಿ ಮಾರುವ ಈ ಕಂಪನಿಗೆ ಫುಟ್‌ಬಾಲ್ ಹೊಸದೇನೂ ಆಗಿರಲಿಲ್ಲ. 1933ರಲ್ಲಿ ಹುಟ್ಟಿದ್ದ ಸಾಲ್ಜ್‌ಬರ್ಗಿನ ಕ್ಲಬ್ಬನ್ನು 2005ರಲ್ಲಿ ಕೊಂಡು, ಅದರ ನೇರಳೆ ಬಣ್ಣವನ್ನು ತೊಳೆದು ಕೆಂಪು-ಬಿಳಿ ಬಳಿದಿತ್ತು. ಹಳೆಯ ಅಭಿಮಾನಿಗಳು ಅತ್ತರು, ಕೂಗಿದರು, ಕೊನೆಗೆ ತಮ್ಮದೇ ಹೊಸ ಕ್ಲಬ್ ಕಟ್ಟಿಕೊಂಡು ತೀರಾ ಕೆಳಗಿನ ಲೀಗಿನಿಂದ ಆಟ ಶುರುಮಾಡಿದರು. ಮರುವರ್ಷ ಕಂಪನಿಯ ಕಣ್ಣು ಲೈಪ್‌ಜಿಗ್‌ನ ಎಫ್‌ಸಿ ಜಾಕ್ಸನ್ ಮೇಲೆ ಬಿತ್ತು. ಅಲ್ಲಿನ ಅಭಿಮಾನಿಗಳೂ ಬೀದಿಗಿಳಿದರು, ವ್ಯವಹಾರ ಕುದುರಲಿಲ್ಲ. ಸ್ವಾಭಿಮಾನ ಉಳಿಸಿಕೊಂಡ ಆ ಕ್ಲಬ್ 2011ರಲ್ಲಿ ದಿವಾಳಿಯಾಗಿ ಮುಚ್ಚಿತು ಎಂಬುದನ್ನು ನೀತಿಕಥೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅಭಿಮಾನಿಗಳಿರುವ ಕಡೆ ತಂಟೆ ಇರುತ್ತದೆ ಎಂಬ ಪಾಠ ಕಲಿತ ಕಂಪನಿ, ಅಭಿಮಾನಿಗಳೇ ಕಡಿಮೆ ಇರುವ ಕಡೆ ಹುಡುಕಿತು. ಐದನೇ ದರ್ಜೆಯಲ್ಲಿ ಇನ್ನೊಂದು ಅನುಕೂಲವೂ ಇತ್ತು. ಮೇಲಿನ ಲೀಗುಗಳಲ್ಲಿ ಕ್ಲಬ್ಬಿನ ಜಾತಕ ಜಾಲಾಡುವ ಲೈಸೆನ್ಸ್ ಅಧಿಕಾರಿಗಳು ಅಷ್ಟು ಕೆಳಗೆ ಇಳಿಯುವುದಿಲ್ಲ. ಚಾಪೆಯ ಕೆಳಗೆ ನುಸುಳುವವರನ್ನು ಹಿಡಿಯಲು ಕಾವಲಿದ್ದರೆ, ಕಂಪನಿ ರಂಗೋಲಿಯ ಕೆಳಗೆ ನುಸುಳಿತು.

2009ರ ಮೇ ತಿಂಗಳಲ್ಲಿ ಹೊಸ ಕ್ಲಬ್ ಹುಟ್ಟಿತು. ಮಾರ್ಕ್ರಾನ್‌ಷ್ಟೆಟ್‌ನ ಮೊದಲ ತಂಡದ ಆಡುವ ಹಕ್ಕು ಅದರ ಜೇಬು ಸೇರಿತು. ಊರಿನಲ್ಲಿ ದೊಂಬಿಯಾಗಲಿಲ್ಲ. ಬೆಲೆ ಬಂದಾಗ ಮಾರುವುದು ವ್ಯಾಪಾರ, ಬೆಲೆಯೇ ಬರದವರು ತಾಳುವುದು ಸಿದ್ಧಾಂತ.

ಇನ್ನು ನಾಮಕರಣ. ಪ್ರಾಯೋಜಕರ ಹೆಸರನ್ನು ಕ್ಲಬ್ಬಿಗೆ ಇಡುವಂತಿಲ್ಲ ಎನ್ನುತ್ತದೆ ನಿಯಮ. ಸರಿ, ‘ರಾಸೆನ್‌ಬಾಲ್‌ಷ್ಪೋರ್ಟ್ ಲೈಪ್‌ಜಿಗ್’ ಎಂದು ಬರೆಸಿದರು. ಹುಲ್ಲುಹಾಸಿನ ಮೇಲಿನ ಚೆಂಡಾಟ ಎಂದರ್ಥ. ಚಿಕ್ಕದಾಗಿ ಕರೆದರೆ ‘ಆರ್‌ಬಿ’. ಅದು ಯಾವ ಪಾನೀಯವನ್ನಾದರೂ ನೆನಪಿಸಿದರೆ ತಪ್ಪು ನಿಮ್ಮ ಬಾಯಾರಿಕೆಯದು. ಈ ಹುಲ್ಲಿನ ಪ್ರೇಮಕ್ಕೆ ವಿರೋಧಿಗಳು ಕೊಟ್ಟ ಉತ್ತರವೂ ಕಡಿಮೆಯದಲ್ಲ. ಮಾರ್ಕ್ರಾನ್‌ಷ್ಟೆಟ್‌ನ ಮೈದಾನಕ್ಕೆ ಯಾರೋ ಕಳೆನಾಶಕ ಸುರಿದು ಹುಲ್ಲನ್ನೇ ಸುಟ್ಟುಹಾಕಿದರು. ಬಂಡವಾಳಶಾಹಿಯ ವಿರುದ್ಧದ ಹೋರಾಟದಲ್ಲಿ ಮೊದಲು ಸತ್ತದ್ದು ಹುಲ್ಲು.

ಸದಸ್ಯತ್ವದ್ದು ಇನ್ನೂ ಸೊಗಸು. 50+1 ಪ್ರಕಾರ ಕ್ಲಬ್ ಸದಸ್ಯರದ್ದೇ ಆಗಬೇಕಲ್ಲ? ಆಯಿತು. ಏಳು ಜನ ಸೇರಿ ಸ್ಥಾಪಿಸಿದರು, ಬಹುಪಾಲು ಕಂಪನಿಯ ಬಳಗದವರೇ. ಹೊರಗಿನವರು ಸೇರಬೇಕೆಂದರೆ ಆಗ ವರ್ಷಕ್ಕೆ 800 ಯುರೋ ಶುಲ್ಕವಿತ್ತು. ಕೊಟ್ಟರೂ ಕಾರಣ ಹೇಳದೆ ಅರ್ಜಿ ತಿರಸ್ಕರಿಸುವ ಹಕ್ಕು ಕ್ಲಬ್ಬಿನದು. ಡಾರ್ಟ್‌ಮಂಡ್‌ನ ಕ್ಲಬ್ಬಿಗೆ ಇಂದು 2 ಲಕ್ಷಕ್ಕೂ ಹೆಚ್ಚು ಸದಸ್ಯರು. ಇಲ್ಲಿ ವೋಟು ಹಾಕುವವರನ್ನು ಒಂದು ಮಿನಿಬಸ್ಸಿನಲ್ಲಿ ಕೂರಿಸಿ ಊಟಕ್ಕೆ ಕರೆದೊಯ್ಯಬಹುದು. ಸರ್ವಾನುಮತ ಇಷ್ಟು ಸುಲಭವಾಗಿ ಬೇರೆಲ್ಲೂ ಸಿಗಲಾರದು.

ಮೊದಲ ವರ್ಷವೇ ಲೀಗ್ ಗೆದ್ದ ತಂಡ 2010ರಲ್ಲಿ ಮಾರ್ಕ್ರಾನ್‌ಷ್ಟೆಟ್‌ನ ಮೈದಾನ ಬಿಟ್ಟು ಲೈಪ್‌ಜಿಗ್‌ನ ವಿಶ್ವಕಪ್ ಕ್ರೀಡಾಂಗಣಕ್ಕೆ ಬಿಡಾರ ಬದಲಿಸಿತು. ಕ್ಲಬ್ಬಿಗೆ ಇಡಲಾಗದ ಹೆಸರನ್ನು ಕ್ರೀಡಾಂಗಣಕ್ಕೆ ಇಡಲು ಅಡ್ಡಿಯಿರಲಿಲ್ಲ, ಅದು ರೆಡ್ ಬುಲ್ ಅರೇನಾ ಆಯಿತು. 2014ರಲ್ಲಿ ಎರಡನೇ ದರ್ಜೆಯ ಬಾಗಿಲಲ್ಲಿ ಲೈಸೆನ್ಸ್ ಅಧಿಕಾರಿಗಳು ಕೊನೆಗೂ ಎದುರಾದರು. ಲಾಂಛನ ಬದಲಿಸಿ, ಶುಲ್ಕ ಇಳಿಸಿ, ಆಡಳಿತ ಮಂಡಳಿ ಸರಿಪಡಿಸಿ ಎಂದರು. ಲಾಂಛನದ ಗೂಳಿಗಳು ತುಸು ಸರಿದು ನಿಂತವು, ಅಧಿಕಾರಿಗಳ ಮನಸ್ಸು ಕರಗಿತು. 2016ರಲ್ಲಿ ತಂಡ ಮೊದಲ ದರ್ಜೆಯಾದ ಬುಂಡೆಸ್‌ಲಿಗಾ ಮುಟ್ಟಿತು, ಮೊದಲ ವರ್ಷವೇ ಎರಡನೇ ಸ್ಥಾನ.

ಹಾಗೆಂದು ಬೈಯುವವರೆಲ್ಲ ಮಡಿವಂತರೆಂದು ತಿಳಿಯಬೇಡಿ. ಲೆವರ್‌ಕೂಸನ್ ಕ್ಲಬ್ ಬೇಯರ್ ಔಷಧ ಕಂಪನಿಯದ್ದು, ವೋಲ್ಫ್ಸ್‌ಬರ್ಗ್ ಫೋಕ್ಸ್‌ವ್ಯಾಗನ್ ಕಾರಿನದ್ದು. ಎರಡಕ್ಕೂ ವಿನಾಯಿತಿ, ಏಕೆಂದರೆ 20 ವರ್ಷ ಬಿಡದೆ ಪೋಷಿಸಿದವರು ಒಡೆಯರಾಗಬಹುದು ಎಂದು ನಿಯಮದಲ್ಲೇ ಇತ್ತು. ಅಂದರೆ ಹೊಸ ದುಡ್ಡು ಅನಾಚಾರ, 20 ವರ್ಷ ಕಳಿತ ದುಡ್ಡು ಪರಂಪರೆ. ದುಡಿಯುವ ವರ್ಗದ ಕ್ಲಬ್ ಎಂದು ಎದೆಯುಬ್ಬಿಸುವ ಶಾಲ್ಕೆ, ಅದೇ ಎದೆಯ ಮೇಲೆ 2007ರಿಂದ ರಷ್ಯಾದ ಗ್ಯಾಜ್‌ಪ್ರೋಮ್ ಹೆಸರು ಹೊತ್ತು ಓಡಿತು. ಅದನ್ನು ಇಳಿಸಲು 2022ರಲ್ಲಿ ಒಂದು ಯುದ್ಧವೇ ಬೇಕಾಯಿತು.

ಲೈಪ್‌ಜಿಗ್ ಜನರ ಮಾತನ್ನೂ ಕೇಳಬೇಕು. ಜರ್ಮನ್ ಫುಟ್‌ಬಾಲ್ ಸಂಸ್ಥೆ 1900ರಲ್ಲಿ ಹುಟ್ಟಿದ್ದು ಅವರ ಊರಿನಲ್ಲಿ, 1903ರ ಮೊದಲ ರಾಷ್ಟ್ರೀಯ ಚಾಂಪಿಯನ್ ಅವರ ಊರಿನ ತಂಡ. 2009ರಲ್ಲಿ ಕಾಟ್‌ಬುಸ್ ತಂಡ ಕೆಳಗಿಳಿದ ಮೇಲೆ ಹಳೆಯ ಪೂರ್ವ ಜರ್ಮನಿಯ ಒಂದು ತಂಡವೂ ಬುಂಡೆಸ್‌ಲಿಗಾದಲ್ಲಿ ಉಳಿದಿರಲಿಲ್ಲ. ಏಳು ವರ್ಷ ಪರಂಪರೆಯ ಪಾಠ ಹೇಳಿದವರು ಬಹಳ ಜನ, ಟಿಕೆಟ್ ಕೊಂಡು ನೋಡಲು ತಂಡ ತಂದುಕೊಟ್ಟದ್ದು ಡಬ್ಬಿ ಮಾರುವವರು. ಅಲ್ಲಿನ ಗ್ಯಾಲರಿ ತುಂಬಿದ್ದರಲ್ಲಿ ಆಶ್ಚರ್ಯವಿಲ್ಲ.

2025ರ ಜೂನ್‌ನಲ್ಲಿ ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ತನ್ನ ಪ್ರಾಥಮಿಕ ಅಭಿಪ್ರಾಯ ತಿಳಿಸಿತು: 50+1 ಉಳಿಯಬೇಕಾದರೆ ಕ್ಲಬ್ಬುಗಳ ಸದಸ್ಯತ್ವ ಅಭಿಮಾನಿಗಳಿಗೆ ನಿಜಕ್ಕೂ ತೆರೆದಿರಬೇಕು, ಹಳೆಯ ವಿನಾಯಿತಿಗಳಿಗೂ ಕೊನೆಯಿರಬೇಕು. ಐದನೇ ದರ್ಜೆಯಲ್ಲೇ ಕೇಳಬಹುದಾಗಿದ್ದ ಪ್ರಶ್ನೆಗೆ ಹದಿನಾರು ವರ್ಷ. ಅಷ್ಟರಲ್ಲಿ ಆ ತಂಡ ನಾಲ್ಕು ಬಡ್ತಿ ಪಡೆದು, ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿ, ಜರ್ಮನ್ ಕಪ್ಪನ್ನು ಎರಡು ಸಲ ಎತ್ತಿತ್ತು. ಕಂಪನಿ ತಾನು ಮಾಡಬೇಕಾದ್ದನ್ನು ಮಾಡಿತು, ಅದರ ಮೇಲೆ ಸಿಟ್ಟಾಗುವುದು ದಂಡ. ಸದಸ್ಯರೇ ಒಡೆಯರು ಎಂದು ಬರೆದು, ಸದಸ್ಯರು ಯಾರೆಂದು ತೀರ್ಮಾನಿಸುವ ಹಕ್ಕನ್ನು ದುಡ್ಡಿನ ಕೈಗೆ ಬಿಟ್ಟವರದೇ ತಪ್ಪು.