ಇಲ್ಲಿ ಬೇಳೆ ಬೇಯುತ್ತದೆ, ಕೂದಲು ನಿಲ್ಲುವುದಿಲ್ಲ

ದುಬೈಗೆ ಬಂದಿಳಿದ ಕನ್ನಡಿಗನಿಗೆ ಮೊದಲ ದಿನ ಸಿಮ್ ಸಿಗುತ್ತದೆ, ಮೊದಲ ವಾರ ಉಡುಪಿ ಹೋಟೆಲು ಸಿಗುತ್ತದೆ, ಮೂರನೇ ತಿಂಗಳಿಗೆ ಬಚ್ಚಲ ಜಾಲರಿಯಲ್ಲಿ ತನ್ನದೇ ಕೂದಲಿನ ಉಂಡೆ ಸಿಗುತ್ತದೆ. ಇದಕ್ಕೇ ಕಾದು ಕೂತಿದ್ದವರಂತೆ ದುಬೈಯ ಕರಾಮಾದಿಂದ ಅಬುಧಾಬಿಯ ಮುಸಫ್ಫಾದವರೆಗಿನ ಹಿತೈಷಿಗಳೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ: “ನೀರು ಮಾರಾಯ್ರೆ, ಇಲ್ಲಿನ ನೀರು! ಭಯಂಕರ ಹಾರ್ಡು.” ಹೇಳುವವರ ತಲೆ ಸಾಕ್ಷಿಗೆಂದು ಅಲ್ಲೇ ಹೊಳೆಯುತ್ತಿರುತ್ತದೆ.

ನಾನೂ ನಂಬಿದೆ. ಕೂದಲು ಕಳೆದುಕೊಳ್ಳುತ್ತಿರುವ ಗಂಡಸು ಏನನ್ನು ಬೇಕಾದರೂ ನಂಬುತ್ತಾನೆ. ‘ಹದಿನೈದು ಹಂತ’ಗಳ ಶವರ್ ಫಿಲ್ಟರ್ ಒಂದನ್ನು ತಂದು ಸಿಕ್ಕಿಸಿದೆ. ಆರು ತಿಂಗಳಾದರೂ ಕೂದಲು ತನ್ನ ಪಾಡಿಗೆ ಉದುರುತ್ತಲೇ ಇದ್ದುದರಿಂದ, ಒಂದು ಭಾನುವಾರ ಕೂತು ಅದರ ಹೊಟ್ಟೆ ಬಿಚ್ಚಿದೆ. ಒಂದು ಹಿಡಿ ಸಾಬಕ್ಕಿಯಂಥ ಬಿಳಿ ಗುಂಡು, ಒಂದಿಷ್ಟು ಸಾಸಿವೆಯಂಥ ಕರಿ ಗುಂಡು, ನಡುನಡುವೆ ಹತ್ತಿ. ಹತ್ತಿಯನ್ನು ಮೂರು ಸಲ ಎಣಿಸಿದರೂ ಹಂತಗಳು ಏಳು ದಾಟಲಿಲ್ಲ. ಕರಿ ಗುಂಡು ಅಂದರೆ ಇದ್ದಿಲು. ಅದು ಕ್ಲೋರಿನ್ನನ್ನು ಹಿಡಿಯಬಲ್ಲದು. ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ತಂಟೆಗೆ ಹೋಗುವುದಿಲ್ಲ. ಅವನ್ನು ತೆಗೆಯಲು ರಾಳ ತುಂಬಿದ ತೊಟ್ಟಿಯೇ ಬೇಕು, ಆ ರಾಳಕ್ಕೆ ಆಗಾಗ ಉಪ್ಪುನೀರಿನ ಸ್ನಾನ ಆಗಬೇಕು. ಅಂಗೈಯಗಲದ ಡಬ್ಬಿಗೆ ಆ ಕೆಲಸ ವಹಿಸುವುದು, ಅಂಗನವಾಡಿ ಮಗುವಿಗೆ ಆದಾಯ ತೆರಿಗೆ ಲೆಕ್ಕ ಕೊಟ್ಟ ಹಾಗೆ.

ಅದಕ್ಕಿಂತ ದೊಡ್ಡ ತಮಾಷೆ ಬೇರೆ ಇದೆ. ತೆಗೆಯೋಣ ಅಂದರೆ ಆ ನೀರಿನಲ್ಲಿ ಅಂಥಾ ಗಡಸೇ ಇಲ್ಲ.

ದುಬೈಯ ನಲ್ಲಿಗೆ ಬರುವುದು ಹೊಳೆಯ ನೀರಲ್ಲ, ಬೋರಿನದ್ದೂ ಅಲ್ಲ, ಕಡಲಿನದು. ಲೀಟರಿಗೆ 40 ಗ್ರಾಂ ದಾಟಿ ಉಪ್ಪಿರುವ ಕೊಲ್ಲಿಯ ನೀರನ್ನು ಜೆಬೆಲ್ ಅಲಿಯ ಸ್ಥಾವರದಲ್ಲಿ ಕುದಿಸಿ ಆವಿ ಹಿಡಿದೋ, ಪೊರೆಯೊಳಗೆ ಒತ್ತಿ ತೂರಿಸಿಯೋ ಸಿಹಿ ಮಾಡುತ್ತಾರೆ. ಅಬುಧಾಬಿಗೆ ತವೀಲಾದಲ್ಲಿ ಅದೇ ಕಸುಬು. ಹೀಗೆ ಹುಟ್ಟಿದ ನೀರು ಎಷ್ಟು ಮೆದು ಅಂದರೆ, ಹಾಗೇ ಬಿಟ್ಟರೆ ಪೈಪನ್ನೇ ತಿಂದುಹಾಕುತ್ತದೆ. ಆದ್ದರಿಂದ ಅದಕ್ಕೆ ಒಂದಿಷ್ಟು ಸುಣ್ಣದ ಅಂಶ ಬೆರೆಸಿ, ಬುದ್ಧಿ ಹೇಳಿ, ಆಮೇಲೆ ಊರೊಳಕ್ಕೆ ಬಿಡುತ್ತಾರೆ. ಅಂದರೆ ಸರ್ಕಾರ ಗ್ಯಾಸು ಸುಟ್ಟು ಉಪ್ಪು ತೆಗೆಯುತ್ತದೆ, ಕಾಸು ಕೊಟ್ಟು ಸುಣ್ಣ ಹಾಕುತ್ತದೆ. ನಾವು ಕಾಸು ಕೊಟ್ಟು ಆ ಸುಣ್ಣ ತೆಗೆಯಲು ಹೊರಡುತ್ತೇವೆ. ನಮ್ಮಲ್ಲಿ ಉಳ್ಳವರು ಸಾಫ್ಟ್‌ನರ್ ಕೂರಿಸಿಕೊಂಡು ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರೆ. ಕಡಲಿಗೆ ಬಾಯಿದ್ದಿದ್ದರೆ ‘ಉಪ್ಪು ಬೇಕಿದ್ದರೆ ಮೊದಲೇ ಹೇಳಬಾರದಿತ್ತಾ’ ಅನ್ನುತ್ತಿತ್ತು.

ಪುರಾವೆ ಬೇಕಾದವರು ತೊಗರಿಬೇಳೆಯನ್ನು ಕೇಳಿ. ಗಡಸು ನೀರಿನಲ್ಲಿ ಬೇಳೆ ಸುಲಭಕ್ಕೆ ಬೇಯುವುದಿಲ್ಲ. ನಮ್ಮ ಅಜ್ಜಿಯರ ಪ್ರಯೋಗಾಲಯ ನಡೆದಿದ್ದೇ ಇದರ ಮೇಲೆ. ನಮ್ಮ ಅಲ್ ನಹ್ದಾ ಫ್ಲಾಟಿನಲ್ಲಿ ಮೂರು ಸೀಟಿಗೆ ಬೇಳೆ ಹಿಟ್ಟಾಗುತ್ತದೆ. ಸೋಪು ಉಜ್ಜಿದರೆ ನೊರೆ ಮೊಣಕೈವರೆಗೆ ಏರುತ್ತದೆ. ಬಾಸಿನ ಮುಂದೆ ಬೇಯದ ನಮ್ಮ ಬೇಳೆ ಕುಕ್ಕರಿನಲ್ಲಾದರೂ ಬೇಯುತ್ತಿದೆ ಎಂದು ನೀರಿಗೆ ಕೈಮುಗಿಯುವುದು ಬಿಟ್ಟು ಅದಕ್ಕೇ ಶಾಪ.

ಹಾಗಂತ ಈ ನೀರು ಗಂಗಾಜಲವೇನಲ್ಲ. ಜುಲೈ ತಿಂಗಳಲ್ಲಿ ತಾರಸಿಯ ಟ್ಯಾಂಕು ಕಾದು, ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಆಗ ಇಲ್ಲಿಯ ಹಳಬರು ಮಾಡುವುದೇನೆಂದರೆ, ಗೀಸರಿನ ಸ್ವಿಚ್ ಆರಿಸಿ ಬಿಡುತ್ತಾರೆ. ಎಸಿ ಮನೆಯೊಳಗಿರುವ ಗೀಸರಿನಲ್ಲಿ ನಿಂತ ನೀರು ತಣ್ಣಗಾಗುತ್ತದೆ. ನೀಲಿ ಚುಕ್ಕೆಯ ನಲ್ಲಿಯಲ್ಲಿ ಬಿಸಿನೀರು, ಕೆಂಪು ಚುಕ್ಕೆಯದರಲ್ಲಿ ತಣ್ಣೀರು. ಊರಿನಿಂದ ಬಂದ ಅತ್ತೆಗೆ ಇದನ್ನು ವಿವರಿಸಿ ನೋಡಿ, ಅಳಿಯನ ತಲೆಯ ಹೊರಗೆ ಮಾತ್ರವಲ್ಲ ಒಳಗೂ ಏನೋ ಉದುರಿದೆ ಎಂದುಕೊಳ್ಳುತ್ತಾರೆ. ಟ್ಯಾಂಕಿನ ತಳದ ಕೆಸರು, ಹಳೇ ಕಟ್ಟಡದ ಪೈಪಿನ ತುಕ್ಕು, ಇವೆಲ್ಲ ಇರುವುದೂ ನಿಜ. ಆದರೆ ಅದು ಕಟ್ಟಡದವರ ಪಾಪ, ಕಡಲಿನದ್ದಲ್ಲ.

ಹಾಗಾದರೆ ಕೂದಲು? ಮೈಗೋ ಮನಸ್ಸಿಗೋ ದೊಡ್ಡ ಏಟು ಬಿದ್ದರೆ ಅದರ ಬಿಲ್ಲು ಎರಡು ಮೂರು ತಿಂಗಳು ಕಳೆದು ತಲೆಗೆ ಬರುತ್ತದೆ ಎನ್ನುತ್ತಾರೆ ಚರ್ಮವೈದ್ಯರು. ಲೆಕ್ಕ ಹಾಕಿ ನೋಡಿ. ಊರು ಬಿಟ್ಟದ್ದು, ಸಾಲ ಮಾಡಿದ್ದು, ಪ್ರೊಬೇಷನ್ನು, ರಾತ್ರಿ ಹನ್ನೊಂದಕ್ಕೆ ಬಾಸಿನ ವಾಯ್ಸ್ ನೋಟು, ಎಲ್ಲಕ್ಕೂ ಮೂರು ತಿಂಗಳು ಕೂಡಿಸಿದರೆ ಬಚ್ಚಲ ಜಾಲರಿಯ ತಾರೀಕು ಬರುತ್ತದೆ. ಜೊತೆಗೆ ವರ್ಷವಿಡೀ ಬಿಸಿಲು ಸುರಿಯುವ ದೇಶದಲ್ಲಿ ಎಸಿಯಿಂದ ಎಸಿಗೆ ಓಡಾಡಿ ವಿಟಮಿನ್ ಡಿ ಇಲ್ಲದೆ ಸೊರಗುವ ಪ್ರತಿಭೆ ನಮ್ಮದು.

ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ? ಬಾಸನ್ನು ಬೈದರೆ ವೀಸಾ ಹೋಗುತ್ತದೆ. ಮನೆ ಮಾಲೀಕನನ್ನು ಬೈದರೆ ಬರುವ ವರ್ಷ ಬಾಡಿಗೆ ಏರುತ್ತದೆ. ಬಿಸಿಲನ್ನು ಬೈದರೆ ‘ಬಾ ಅಂತ ಕರೆದವರ್ಯಾರು?’ ಅನ್ನುತ್ತಾರೆ. ಅಪ್ಪನಿಂದ ಬಳುವಳಿಯಾಗಿ ಬಂದ ಬೋಳನ್ನು ಬೈಯೋಣವೆಂದರೆ ಊರಿನ ಜಮೀನಿನ್ನೂ ಪಾಲಾಗಿಲ್ಲ. ಉಳಿದದ್ದು ನೀರೊಂದೇ. ಅದು ಯಾರ ಕೆಲಸವನ್ನೂ ತೆಗೆಯುವುದಿಲ್ಲ, ಎಚ್‌ಆರ್‌ಗೆ ದೂರನ್ನೂ ಕೊಡುವುದಿಲ್ಲ. ಬೈಸಿಕೊಂಡು ಸುಮ್ಮನೆ ಹರಿದು ಹೋಗುತ್ತದೆ.

ನಿಜವಾದ ಗಡಸು ನೀರು ಹೇಗಿರುತ್ತದೆಂದು ನೋಡಬೇಕಾದರೆ ನಾನು ರಜೆಗೆ ಹೋಗಬೇಕು. ಇದೇ ದಿರ್ಹಮುಗಳನ್ನು ಕೂಡಿಟ್ಟು ಬೆಂಗಳೂರಿನ ವೈಟ್‌ಫೀಲ್ಡಿನ ಆಚೆ ಕೊಂಡ ಫ್ಲಾಟು. ಮಳೆಗಾಲದಲ್ಲಿ ಬೋರು, ಬೇಸಿಗೆಯಲ್ಲಿ ಯಾವುದೋ ಬೋರಿನಿಂದ ತುಂಬಿ ಬಂದ ಟ್ಯಾಂಕರು. ಸ್ಟೀಲು ಲೋಟ ತೊಳೆದಿಟ್ಟರೆ ಒಣಗುವಷ್ಟರಲ್ಲಿ ಬಿಳಿ ಭೂಪಟ ಮೂಡುತ್ತದೆ. ಹೋದ ಸಲ ಗೀಸರ್ ಕೆಟ್ಟಿತೆಂದು ಕರೆಸಿದ ಹುಡುಗ ಕಾಯಿಲ್ ಹೊರಗೆಳೆದ. ಕಾಯಿಲ್ ಕಾಣಲಿಲ್ಲ, ಮುಂಗೈ ದಪ್ಪದ ಸುಣ್ಣದ ಕೊಂಬು ಬಂತು. ಸ್ಕ್ರೂಡ್ರೈವರಿನಲ್ಲಿ ಕುಟ್ಟಿದರೆ ಕೊಬ್ಬರಿ ಚಿಪ್ಪಿನಂತೆ ಎದ್ದೆದ್ದು ಬಿತ್ತು. “ಸಾರ್, ಎರಡು ವರ್ಷ ಬಂದಿದ್ದೇ ದೊಡ್ಡದು,” ಅಂದ.

ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನ ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 600. ಅಸೋಸಿಯೇಷನ್ ಸಭೆಯಲ್ಲಿ ನಮ್ಮ ನೀರಿನದೆಷ್ಟು ಎಂದು ಕೇಳಿದೆ. “ಬಾರ್ಡರಿನಲ್ಲಿದೆ,” ಅಂದರು. ಯಾವ ಬಾರ್ಡರು, 200ರದ್ದೋ 600ರದ್ದೋ ಎಂದೆ. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಇದನ್ನೆಲ್ಲ ಗ್ರೂಪಿನಲ್ಲಿ ಹಾಕಬೇಡಿ, ರೀಸೇಲ್ ಬಿದ್ದುಹೋಗುತ್ತೆ,” ಅಂದರು. ದುಬೈಯಲ್ಲಿ ಕೂದಲಿಗಾಗಿ ನೀರನ್ನು ಬೈದವನು ಬೆಂಗಳೂರಿನಲ್ಲಿ ಚದರಡಿಗಾಗಿ ಬಾಯಿ ಮುಚ್ಚಿಕೊಂಡೆ.

ಎರಡೂ ಊರಿನ ನೀರಿನ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಜೆಬೆಲ್ ಅಲಿಯೊಂದರ ಸಾಮರ್ಥ್ಯವೇ ದಿನಕ್ಕೆ 220 ಕೋಟಿ ಲೀಟರಿನ ಮೇಲೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ 77.5 ಕೋಟಿ ಲೀಟರ್ ಸೇರಿದ ಮೇಲೆ ಬೆಂಗಳೂರಿನ ಕಾವೇರಿ ಯೋಜನೆಗಳ ಒಟ್ಟು ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ದುಬೈಯಲ್ಲಿರುವವರು 40 ಲಕ್ಷದ ಆಸುಪಾಸು, ಬೆಂಗಳೂರಿನಲ್ಲಿ ಕೋಟಿಯ ಮೇಲೆ. ಕಾವೇರಿ ನಮ್ಮ ಗೇಟಿನ ತನಕ ಬಂದಿದ್ದಾಳೆಂದು ಬಿಲ್ಡರಿನ ಬ್ರೋಷರು ಹೇಳುತ್ತದೆ. ಗೇಟು ದಾಟಿದ ಸುದ್ದಿ ಬಂದಿಲ್ಲ.

ಆ ಹದಿನೈದು ಹಂತದ ಫಿಲ್ಟರನ್ನು ಬಿಸಾಡಲು ಮನಸ್ಸಾಗದೆ ಸೂಟ್‌ಕೇಸಿನಲ್ಲಿ ಒಯ್ದು ಬೆಂಗಳೂರಿನ ಬಚ್ಚಲಿಗೆ ಸಿಕ್ಕಿಸಿದ್ದೆ. ಹದಿನೇಳನೇ ದಿನಕ್ಕೆ ಕಟ್ಟಿಕೊಂಡಿತು. ನಾನು ರಜೆಯಲ್ಲಿರುವಾಗ ದುಬೈಯಿಂದ ಬೆಂಗಳೂರಿಗೆ ಹೊರಡುವ ಸ್ನೇಹಿತರಲ್ಲಿ ಒಂದು ವಿನಂತಿ: ನನಗೆ ಖರ್ಜೂರ, ಚಾಕೊಲೇಟು ಬೇಡ. ಲಗೇಜಿನಲ್ಲಿ ಜಾಗ ಇದ್ದರೆ ಅಡುಗೆಮನೆಯ ನಲ್ಲಿಯಿಂದ ಎರಡು ಲೀಟರು ನೀರು ಹಿಡಿದು ತನ್ನಿ. ಬೇಳೆಗೆ.