ಹತ್ತಿಕುಣಿಯ ಮೂಲಪುರುಷ: ತಲೆಲೆಕ್ಕದ ಬೆಳಕಿನಲ್ಲಿ ಒಂದು ತಲೆಕೆಟ್ಟ ಶೋಧ

ಘನವಾದ ಸಂಶೋಧನೆಗೆ ಒಂದು ಶಾಸನವೋ ತಾಮ್ರಪಟವೋ, ಕಡೆಗೆ ಗೆದ್ದಲು ಹಿಡಿದ ಓಲೆಗರಿಯಾದರೂ ಪ್ರೇರಣೆಯಾಗಿರಬೇಕು. ಈ ಪ್ರಬಂಧಕ್ಕೆ ಪ್ರೇರಣೆ ರಾತ್ರಿ ಹನ್ನೊಂದಕ್ಕೆ ಬಂದ ಒಂದು ವಾಟ್ಸಾಪ್ ಕಾಲ್. ಟೆಕ್ಸಾಸ್‌ನಲ್ಲಿರುವ ನಮ್ಮ ಅಣ್ಣನ ಮಗ ಅಲ್ಲಿಯ ಹುಡುಗಿಯನ್ನೇ ಲಗ್ನವಾಗಿದ್ದಾನೆ. "ಕಾಕಾ, ಈಕಿ ತನ್ನ ಏಳನೇ ತಲಿ ಮುತ್ಯಾನ 1790ರ ಸೆನ್ಸಸ್ ಒಳಗ ಹುಡುಕ್ಯಾಳ. ಅದೂ ಚಾ ಕುಡಿಯೋದ್ರಾಗ. ನಮ್ಮದೂ ಹಂಗ ಹುಡುಕ್ರಿ" ಎಂದ. ನಿವೃತ್ತ ಮಾಸ್ತರನಿಗೆ ಕೆಲಸ ಹಚ್ಚಿದರೆ ಪ್ರಬಂಧವೇ ಹುಟ್ಟುತ್ತದೆ ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ಮೊದಲು ಸ್ಥಳನಾಮ ಮೀಮಾಂಸೆ. ಅದಿಲ್ಲದೆ ಯಾವ ಪ್ರಬಂಧಕ್ಕೂ ಪದವಿ ಸಿಕ್ಕಿದ್ದಿಲ್ಲ. ನಮ್ಮೂರು ಹತ್ತಿಕುಣಿ ಎಂದರೆ ಹತ್ತಿ ಬೆಳೆಯುವ ಕುಣಿ, ತಗ್ಗು ಎಂಬುದು ಒಂದು ಪಂಥ. ಸುತ್ತಲಿನ ಹೊಲಗಳಲ್ಲಿ ಹತ್ತಿ ಇಂದಿಗೂ ಅರಳುವುದರಿಂದ ಈ ಪಂಥದವರು ಹೆಚ್ಚು ಮಾತಾಡುವುದಿಲ್ಲ, ಹೊಲದ ಕಡೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಹತ್ತು ಕುಣಿಗಳಿದ್ದ ಊರು ಎಂಬುದು ಎರಡನೆಯ ಪಂಥ. ಒಂಬತ್ತು ಎಲ್ಲಿ ಹೋದವು ಎಂದರೆ ಹತ್ತಿಕುಣಿ ಜಲಾಶಯವನ್ನು ತೋರಿಸಿ, ನೀರೊಳಗೆ ಹೋಗಿ ಎಣಿಸಿಕೊಂಡು ಬರ್ರಿ ಎನ್ನುತ್ತಾರೆ. ಹತ್ತಿ ಕುಣಿ, ಅಂದರೆ ಮೇಲೆ ಏರಿ ಕುಣಿ ಎಂಬ ಆಜ್ಞಾರ್ಥಕ ಕ್ರಿಯಾಪದವೇ ಊರಿನ ಹೆಸರಾಯಿತೆಂಬುದು ಮೂರನೆಯ ಪಂಥ. ಅದರಲ್ಲಿ ಸದ್ಯ ನಾನೊಬ್ಬನೇ ಇದ್ದೇನೆ. ನಮ್ಮ ಮನೆತನದ ಸ್ವಭಾವ ನೋಡಿದವರು ನನ್ನ ಕಡೆಗೇ ಬಂದಾರು.

ಇನ್ನು ಅಮೆರಿಕದ ಆಕರ. ಅಲ್ಲಿಯ ಮೊದಲ ಜನಗಣತಿ 1790ರ ಆಗಸ್ಟ್‌ನಲ್ಲಿ ಶುರುವಾಯಿತು. ಗಣತಿಯವರು ಕುದುರೆ ಏರಿ ಮನೆಮನೆಗೆ ಹೋಗಿ, ಯಜಮಾನನೊಬ್ಬನ ಹೆಸರು ಬರೆದುಕೊಂಡು, ಉಳಿದವರನ್ನು ಬರೀ ಅಂಕಿಯಾಗಿ ತುಂಬಿದರು: ಹದಿನಾರು ದಾಟಿದ ಬಿಳಿ ಗಂಡಸರು, ದಾಟದ ಗಂಡುಹುಡುಗರು, ಬಿಳಿ ಹೆಂಗಸರು, ಉಳಿದ ಸ್ವತಂತ್ರರು, ಗುಲಾಮರು. ಬರೆದ ಪಟ್ಟಿಯನ್ನು ಊರಿನಲ್ಲಿ ನಾಲ್ಕು ಜನ ಸೇರುವ ಎರಡು ಜಾಗಗಳಲ್ಲಿ ಅಂಟಿಸಬೇಕೆಂದು ಕಾನೂನೇ ಇತ್ತು. ನಮ್ಮಲ್ಲಾದರೆ ಚಾವಡಿ ಗೋಡೆ, ಹಣಮಪ್ಪನ ಗುಡಿಯ ಕಟ್ಟೆ. ಒಟ್ಟು 39,29,214 ಜನ. ಅದರಲ್ಲಿ ಗುಲಾಮರೇ ಸುಮಾರು 7 ಲಕ್ಷ, ಅವರದು ಒಂದು ಹೆಸರೂ ಇಲ್ಲ. ಮನೆಯವರೆಲ್ಲರ ಹೆಸರು ಬರೆಯುವ ಬುದ್ಧಿ ಬಂದದ್ದು 1850ಕ್ಕೆ, ಅದೂ ಸ್ವತಂತ್ರರಿಗೆ ಮಾತ್ರ. 1890ರ ಕಾಗದಗಳು 1921ರ ಬೆಂಕಿಗೆ ಸಿಕ್ಕು ಬಹುಪಾಲು ಹಾಳಾದವು. ಉಳಿದ ಗಣತಿಗಳ ಕಾಗದಗಳನ್ನು ಎಪ್ಪತ್ತೆರಡು ವರ್ಷ ಕೀಲಿ ಹಾಕಿ ಇಟ್ಟು ಆಮೇಲೆ ಯಾರು ಬೇಕಾದರೂ ನೋಡಿರೆಂದು ತೆರೆಯುತ್ತಾರೆ. 1950ರದು 2022ರ ಏಪ್ರಿಲ್ 1ಕ್ಕೆ ತೆರೆಯಿತು. ನಮ್ಮ ಸೊಸೆಯ ಮುತ್ಯಾ ಈ ಬಾಗಿಲಿನಿಂದಲೇ ಈಚೆ ಬಂದದ್ದು: ಯಜಮಾನನ ಹೆಸರು, ಆತನೂ ಸೇರಿ ಗಂಡಸರು 2, ಹುಡುಗರು 3, ಹೆಂಗಸರು 4.

ಈಗ ಸಿದ್ಧಾಂತ ಪಕ್ಷಕ್ಕೆ ಬರೋಣ. ಹತ್ತಿಕುಣಿ ಆಗ ನಿಜಾಮರ ರಾಜ್ಯದಲ್ಲಿ, ಗುಲ್ಬರ್ಗಾ ಜಿಲ್ಲೆಯ ಯಾದಗಿರಿ ಸೀಮೆಯಲ್ಲಿತ್ತು. ನಮ್ಮ ಖಾನೇಸುಮಾರಿಯೂ ಕಡಿಮೆಯದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1881ಕ್ಕೇ ತಲೆ ಎಣಿಸಿದರು, 98,45,594. 1891ರಲ್ಲಿ 1,15,37,040. ನಡುವೆ ಬರ ಬಂತು, 1901ರಲ್ಲಿ 1,11,41,142ಕ್ಕೆ ಇಳಿಯಿತು. ಆ ಸಲ ಮಾರ್ಚ್ 1ರ ರಾತ್ರಿ, ಬೆಳದಿಂಗಳು ನೋಡಿಯೇ ದಿನ ಗೊತ್ತು ಮಾಡಿ, ದೇಶದ ತುಂಬ ಒಂದೇ ಸಲಕ್ಕೆ ಎಣಿಸಿದರು. ಈ ಅಂಕಿಗಳನ್ನು ನಾನು ಹದಿನೈದು ದಿನ ಎದುರಿಗಿಟ್ಟುಕೊಂಡು ಕೂತೆ. ಕೋಟಿಯಲ್ಲಿ, ಲಕ್ಷದಲ್ಲಿ, ಸಾವಿರದಲ್ಲಿ ನಮ್ಮವರು ಯಾರೂ ಕಾಣಲಿಲ್ಲ. ಆದರೆ ಆ ಕೊನೆಯ 2? ಅದು ನಮ್ಮ ಮುತ್ತಜ್ಜ, ಮುತ್ತಜ್ಜಿ ಎಂದು ನನ್ನ ದೃಢವಾದ ನಿಲುವು. ಅಲ್ಲವೆಂದು ಸಾಧಿಸುವ ಭಾರ ಎದುರಾಳಿಯದು.

ಅಣ್ಣನ ಮಗ ಇದನ್ನು ಒಪ್ಪಲಿಲ್ಲ. "ಹೆಸರು ಬೇಕು ಕಾಕಾ" ಎಂದ. ಹೆಸರು ಎಲ್ಲಿ ಹೋಯಿತೆಂದು ಹುಡುಕಿದಾಗ ಈ ಪ್ರಬಂಧದ ಅತಿ ದುಃಖದ ಅಧ್ಯಾಯ ತೆರೆಯಿತು. ಅಮೆರಿಕದವರು ಯಜಮಾನನ ಹೆಸರು ಇಟ್ಟುಕೊಂಡು ಮನೆಮಂದಿಯನ್ನು ಅಂಕಿ ಮಾಡಿದರೆ, ನಮ್ಮವರು ಎಲ್ಲರ ಹೆಸರೂ ಕೇಳಿ ಬರೆದುಕೊಂಡು, ಎಣಿಸಿದ ಮೇಲೆ ಎಲ್ಲರನ್ನೂ ಬಿಟ್ಟರು. 1901ರಿಂದ ಚೀಟಿ ಪದ್ಧತಿ ಬಂತು. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಧರ್ಮಕ್ಕೆ ತಕ್ಕಂತೆ ಬಣ್ಣ. ಚೀಟಿಗಳನ್ನು ಗೂಡುಗೂಡಿಗೆ ಹಾಕಿ ಎಣಿಸಿದರೆ ಮುಗಿಯಿತು. ನಮ್ಮ ಮುತ್ತಜ್ಜ ಚೀಟಿಯಾಗಿ ಗೂಡು ಸೇರಿದವನು ಮರಳಿ ಹತ್ತಿಕುಣಿಗೆ ಬರಲಿಲ್ಲ. ಹೆಸರು ಹೇಳಲು ಒಪ್ಪದ ಮನೆಗಳಲ್ಲಿ ಹೆಂಗಸರ ಹೆಸರಿನ ಜಾಗದಲ್ಲಿ 'ಹೆಣ್ಣು' ಎಂದು ಬರೆದರೆ ಸಾಕಿತ್ತು. ಮುತ್ತಜ್ಜಿ ಅಲ್ಲಿಗೂ ಮುಟ್ಟಿರಲಿಕ್ಕಿಲ್ಲ. ಸ್ವಾತಂತ್ರ್ಯ ಬಂದ ಮೇಲಾದರೂ ಬಾಗಿಲು ತೆರೆಯಿತೇ ಎಂದರೆ, 1948ರ ಜನಗಣತಿ ಕಾಯಿದೆಯ 15ನೇ ಕಲಮು ಗಣತಿಯ ಕಾಗದ ಯಾರಿಗೂ ತೋರಿಸತಕ್ಕದ್ದಲ್ಲ ಎನ್ನುತ್ತದೆ. ಎಪ್ಪತ್ತೆರಡು ವರ್ಷದ ಮಾತೇ ಇಲ್ಲ. ಅಮೆರಿಕದ ಮುತ್ಯಾ ಸೆರೆಮನೆಯಿಂದ ಬಿಡುಗಡೆಯಾದ, ನಮ್ಮ ಮುತ್ಯಾನಿಗೆ ಆಜೀವ ಶಿಕ್ಷೆ.

ಆದರೂ ನಾನು ಸೋಲುವವನಲ್ಲ. ತಲೆಲೆಕ್ಕದಲ್ಲಿ ಇಲ್ಲದವನು ಹೊಲದ ಲೆಕ್ಕದಲ್ಲಿ ಇರಲೇಬೇಕು. ನಮ್ಮ ಕಡೆ ಎಲ್ಲ ತಕರಾರುಗಳ ತಾಯಿ 1954-55ರ ಖಾಸ್ರಾ ಪಹಣಿ, ಫಸಲಿ 1364. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಕೋರ್ಟು ಮೆಟ್ಟಿಲು ಏರಿದ ನಮ್ಮೂರ ಪ್ರತಿಯೊಬ್ಬನಿಗೂ ಈ ಗಣಿತ ಬಾಯಿಪಾಠ. ಅದಕ್ಕಿಂತ ಹಿಂದಿನ ಒಂದು ಉರ್ದು ಕಾಗದ ನಮ್ಮ ಟ್ರಂಕಿನ ತಳದಲ್ಲಿ ಸಿಕ್ಕಿತು. ಕೋರ್ಟಿನ ಬಳಿ ಹಳೇ ಕಾಗದ ಓದಿಕೊಡುವ ಒಬ್ಬ ಚಾಚಾರ ಹತ್ತಿರ ಒಯ್ದೆ. ಮೊದಲ ದಿನ ಅವರು ಓದಿದ ಹೆಸರು ಬಾಬಯ್ಯ. ಎರಡನೇ ದಿನ ನಾನಯ್ಯ. ಮೂರನೇ ದಿನ ಚಷ್ಮಾ ಒರೆಸಿಕೊಂಡು ತಾತಯ್ಯ ಎಂದರು.

ಇಲ್ಲಿ ಓದುಗರು ನಗಬಾರದು, ಇದು ಲಿಪಿಶಾಸ್ತ್ರ. ಉರ್ದುವಿನ ಬ, ಪ, ತ, ನ ಪದದೊಳಗೆ ಕೂಡಿ ಬಂದಾಗ ನಾಲ್ಕಕ್ಕೂ ಮೈಕಟ್ಟು ಒಂದೇ, ಒಂದು ಸಣ್ಣ ಹಲ್ಲು. ಕೆಳಗೆ ಒಂದು ಚುಕ್ಕೆ ಇಟ್ಟರೆ ಬ, ಮೂರಿಟ್ಟರೆ ಪ. ಮೇಲೆ ಒಂದಿಟ್ಟರೆ ನ, ಎರಡಿಟ್ಟರೆ ತ. ಗಡಿಬಿಡಿಯ ಶಿಕಸ್ತೆ ಬರಹದಲ್ಲಿ ಕಾರಕೂನ ಚುಕ್ಕೆ ಇಡುವ ಗೋಜಿಗೇ ಹೋಗುತ್ತಿರಲಿಲ್ಲ. ಹೀಗಾಗಿ ಬಾಬಯ್ಯ, ಪಾಪಯ್ಯ, ತಾತಯ್ಯ, ನಾನಯ್ಯ ನಾಲ್ವರೂ ಒಂದೇ ಅಂಗಿ ತೊಟ್ಟು ನಿಲ್ಲುತ್ತಾರೆ. ಕಾಗದದ ಮೇಲೆ ನಿಜಕ್ಕೂ ಒಂದು ಚುಕ್ಕೆ ಇದೆ. ಅದು ಮಸಿಯದೋ ನೊಣದ್ದೋ ಎಂದು ನಾನು ಭೂತಗನ್ನಡಿ ಹಿಡಿದು ಒಂದು ಮಧ್ಯಾಹ್ನ ಕಳೆದೆ. ನೊಣದ ಪಕ್ಷವೇ ಬಲವಾಗಿದೆ. ಕೊನೆಗೆ ಚಾಚಾ ದನಿ ತಗ್ಗಿಸಿ, "ಮಾಸ್ತರ, ನಿಮಗ ಯಾವದು ಬೇಕ್ರಿ? ಕೇಸಿಗಿ ಯಾವದು ಅನುಕೂಲ?" ಎಂದರು. ಇತಿಹಾಸಕಾರರು ದೊಡ್ಡ ದೊಡ್ಡ ಗ್ರಂಥ ಬರೆದು ಒಪ್ಪಿಕೊಳ್ಳದ ಮಾತನ್ನು ಚಾಚಾ ಒಂದೇ ಉಸಿರಿಗೆ ಹೇಳಿಬಿಟ್ಟರು.

ಕೇಸು ಎಂದಾಗಲೇ ನನಗೆ ಹೊಳೆದದ್ದು. ಆ ಕಾಗದ ಹುಟ್ಟಿದ್ದೇ ಬದುವಿನ ಜಗಳದಿಂದ. ನಾಲ್ಕು ಮಾರು ಬದುವಿಗಾಗಿ ಮುತ್ತಜ್ಜ ತನ್ನ ತಮ್ಮನ ಮೇಲೆ ಅರ್ಜಿ ಕೊಟ್ಟಿದ್ದಾನೆ. ಕೊಡದಿದ್ದರೆ ಟ್ರಂಕಿನಲ್ಲಿ ಆ ಚುಕ್ಕೆಯೂ ಇರುತ್ತಿರಲಿಲ್ಲ. ಇದರಿಂದ ಸಿದ್ಧವಾಗುವ ಪ್ರಮೇಯ: ಯಾರು ಜಗಳವಾಡಿದರೋ ಅವರಿಗೆ ವಂಶವಿದೆ. ತಮ್ಮ ಪಾಲಿಗೆ ತಾವಿದ್ದು, ಕಂದಾಯ ಕಟ್ಟಿ, ಹೊತ್ತು ಮುಳುಗಿದರೆ ಜೋಳದ ರೊಟ್ಟಿ ಪುಂಡಿಪಲ್ಯ ಉಂಡು ಮಲಗಿದ ಸಜ್ಜನರ ವಂಶ ದಾಖಲೆಯಲ್ಲಿ ನಿರ್ವಂಶ. ಹೊಲವೇ ಇಲ್ಲದೆ ಕೂಲಿ ಮಾಡಿದವರ ಸುದ್ದಿ ಕೇಳುವುದೇ ಬೇಡ. ಅವರಿಗೆ ಬದುವಿಲ್ಲ, ಬದುವಿಲ್ಲದವರಿಗೆ ಮುತ್ತಜ್ಜನಿಲ್ಲ. ಅಮೆರಿಕದ ಆ 7 ಲಕ್ಷ ಹೆಸರಿಲ್ಲದವರ ನೆನಪು ನನಗೆ ಇಲ್ಲಿ ಬಂತು. ಪ್ರಬಂಧದ ಗಾಂಭೀರ್ಯಕ್ಕೆ ಭಂಗ ಬರುತ್ತದೆಂದು ಮುಂದುವರಿಸುವುದಿಲ್ಲ.

ಕ್ಷೇತ್ರಕಾರ್ಯದ ಒಂದು ಟಿಪ್ಪಣಿ. 2011ರ ಫೆಬ್ರುವರಿಯಲ್ಲಿ ಗಣತಿಯ ಮಾಸ್ತರರು ನಮ್ಮ ಮನೆಗೆ ಬಂದಾಗ ಅಪ್ಪ ಹೊಲದಲ್ಲಿದ್ದರು, ಅವ್ವ ಒಬ್ಬಳೇ ತೊಗರಿ ಹಸನು ಮಾಡುತ್ತ ಕೂತಿದ್ದಳು. ಯಜಮಾನರ ಹೆಸರೇನು ಎಂದರೆ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಒಡಪು ಕಟ್ಟಿಯಲ್ಲದೆ ಗಂಡನ ಹೆಸರು ಆಕೆಯ ಬಾಯಲ್ಲಿ ಬಂದದ್ದಿಲ್ಲ, ಒಡಪು ಬರೆಯಲು ಗಣತಿ ಫಾರಮಿನಲ್ಲಿ ಕಾಲಮು ಇಲ್ಲ. ಮಾಸ್ತರರು ಬಿಡಲಿಲ್ಲ. ಕಡೆಗೆ ಅವ್ವ, "ಕಲಬುರ್ಗಿ ದೇವರ ಹೆಸರು ಗೊತ್ತದ ಇಲ್ರಿ? ಅದರಾಗ ಮುಂದಿಂದು ಬಿಡ್ರಿ, ಹಿಂದಿಂದು ಹಿಡೀರಿ" ಎಂದಳು. ಶರಣಬಸವೇಶ್ವರರಲ್ಲಿ ಹಿಂದಿನದು ಹಿಡಿದರೆ ಬಸಪ್ಪ. ಪರ ಊರಿನ ಆ ಮಾಸ್ತರರು ಮುಂದಿನದನ್ನು ಹಿಡಿದು ಶರಣಪ್ಪ ಎಂದು ಬರೆದುಕೊಂಡು ಹೋದರು. ವಯಸ್ಸು ಕೇಳಿದ್ದಕ್ಕೆ, "ರಜಾಕಾರರ ಗದ್ದಲದಾಗ ನಾ ತೊಟ್ಲಾಗಿದ್ದೆ" ಎಂದಳಂತೆ, ಬರೆದದ್ದು 65. ಭಾರತದ ಗಣತಿಯಲ್ಲಿ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸಿನವರೇ ಯಾಕೆ ಗುಂಪುಗಟ್ಟಿ ನಿಲ್ಲುತ್ತಾರೆಂದು ಜನಸಂಖ್ಯಾ ಶಾಸ್ತ್ರಜ್ಞರು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಅಂಗಳಕ್ಕೆ ಬಂದಿದ್ದರೆ ಒಂದು ಗಳಿಗೆಯ ಕೆಲಸವಾಗಿತ್ತು.

ಸಂಶೋಧನೆ ಇಲ್ಲಿಗೆ ನಿಂತಿತ್ತು. ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಓಣಿಯಲ್ಲಿ ಗಂಟೆ ಸದ್ದಾಯಿತು. ಎತ್ತು ಹೊಡೆದುಕೊಂಡು ನಮ್ಮ ಮನೆತನದ ವಂಶಾವಳಿ ಹೇಳುವ ಹೆಳವ ಬಂದಿದ್ದ, ಏಳು ವರ್ಷದ ಮೇಲೆ. ಕಟ್ಟೆಯ ಮೇಲೆ ಕೂತು, ಬಟ್ಟೆ ಬಿಚ್ಚಿ ವಹಿ ತೆಗೆದ, ಆದರೆ ನೋಡಲಿಲ್ಲ. ಕಣ್ಣು ಮುಚ್ಚಿ ಒಂದೇ ರಾಗದಲ್ಲಿ ಇಂಥವನ ಮಗ ಇಂಥವ, ಅವನ ಮಕ್ಕಳು ಇಂಥವರು ಎಂದು ಒಂಬತ್ತು ತಲೆ ಇಳಿದುಬಿಟ್ಟ. ಮೂಲ ಊರು, ಬೆಡಗು, ಬಾವಿ ಸಂಬಂಧ ಅಣ್ಣತಮ್ಮಂದಿರು ಬಡಿದಾಡಿಕೊಂಡು ರಾತ್ರೋರಾತ್ರಿ ಹತ್ತಿಕುಣಿಗೆ ಬಂದದ್ದು, ಎಲ್ಲ. ಮುತ್ತಜ್ಜನ ಹೆಸರು ಬಂದಾಗ ನಾನು ಉಸಿರು ಹಿಡಿದೆ. ಬಾಬಯ್ಯನೂ ಅಲ್ಲ, ತಾತಯ್ಯನೂ ಅಲ್ಲ: ಹಣಮಂತ. ಟ್ರಂಕಿನ ಕಾಗದ ಎದುರಾಳಿಯ ಪ್ರತಿಯಾಗಿದ್ದಿರಬೇಕು. ಹದಿನೈದು ದಿನ ಮತ್ತು ಒಂದು ನೊಣ ವ್ಯರ್ಥ.

ಆಮೇಲೆ ಆತ ಪೆನ್ನು ತೆಗೆದು, ಹೊಸ ತಲೆಗಳನ್ನು ಹೇಳ್ರಿ ಎಂದ. ಟೆಕ್ಸಾಸ್‌ಗೆ ವಿಡಿಯೋ ಕಾಲ್ ಹಚ್ಚಿಕೊಟ್ಟೆ.

"ಸೊಸೀದು ಯಾವ ಊರು, ಯಾವ ಬೆಡಗು?" ಎಂದ ಹೆಳವ.

"ಬೆಡಗು ಇಲ್ರಿ. 1790ರದು ದಾಖಲಾತಿ ಅದ" ಎಂದು ಅಣ್ಣನ ಮಗ ಅಭಿಮಾನದಿಂದ ಓದಿದ. ಹೆಳವ ಯಜಮಾನನ ಹೆಸರನ್ನು ಮೂರು ಸಲ ಹೇಳಿಸಿ ತನಗೆ ಕೇಳಿದಂತೆ ಬರೆದುಕೊಂಡ. ಗಂಡಸರು 2, ಹುಡುಗರು 3 ಎಂದೂ ಬರೆದ. "ಹೆಂಗಸರು 4" ಎಂದಾಗ ಪೆನ್ನು ನಿಂತಿತು.

"ನಾಲ್ಕು ಅಂದ್ರ? ಹೆಸರು?"

"ಹೆಸರು ಬರದಿಲ್ರಿ."

ಒಳಗಿನಿಂದ ಅವ್ವ ಮೊರ ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು. "ಅಲ್ಲೀ ಮಂದೀನೂ ಹೆಸರು ಹೇಳಂಗಿಲ್ಲೇನು?" ಎಂದಳು.

ಹೆಳವ ನಾಲ್ಕು ಗೆರೆ ಖಾಲಿ ಬಿಟ್ಟು ವಹಿ ಮುಚ್ಚಿ, ಜೋಳದ ಚೀಲಕ್ಕೆ ಕೈ ಹಾಕಿದ.